ಬೇಲಿಯ ಸಂದಿಯಲ್ಲಿ ಎರಡು ಕೊಡಪಾನ

(ಉಡುಪಿಯಲ್ಲಿ ಈಸ್ಟರಿಗೆ ಎರಡು ವಾರ ಮುಂಚೆ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಪಾದ್ರಿ ಅಲ್ಲ. ದೇವಶಾಸ್ತ್ರ ಓದಿದವನೂ ಅಲ್ಲ. 34 ವರ್ಷ ಬ್ಯಾಂಕಿನಲ್ಲಿ ದುಡಿದವನು. ಕ್ಲರ್ಕ್ ಆಗಿ ಸೇರಿದೆ, ಮ್ಯಾನೇಜರ್ ಆಗಿ ಹೊರಗೆ ಬಂದೆ. ನಡುವೆ 11 ವರ್ಷ ಸಾಲ ವಸೂಲಿಯ ಕೆಲಸ. ಹಾಗಾಗಿ ನನ್ನನ್ನು ಕಂಡು ರಸ್ತೆಯ ಆಚೆ ಬದಿಗೆ ದಾಟಿದವರು ಈ ಊರಿನಲ್ಲಿ ಸುಮಾರು ಮಂದಿ ಇದ್ದಾರೆ. ಇಬ್ಬರು ಮೂವರು ಇಲ್ಲೇ ಕೂತಿರುವುದು ಕಾಣುತ್ತಿದೆ. ಹೆದರಬೇಡಿ ಮಾರಾಯ್ರೆ, ನಾನು ರಿಟೈರ್ ಆಗಿ ನಾಲ್ಕು ವರ್ಷ ಆಯಿತು.

‘ದಿನದ ಬದುಕಿನಲ್ಲಿ ದೇವರ ಕೃಪೆ’ ಅಂತ ವಿಷಯ ಕೊಟ್ಟಿದ್ದಾರೆ. ಕರೆಯಲು ಬಂದವರು ಚಹಾ ಕುಡಿದು ಎದ್ದು ಹೋದ ಮೇಲೆ ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು. “ನೀವಾ? ಕೃಪೆಯ ಬಗ್ಗೆಯಾ?” ಅಂತ ಕೇಳಿ ನಕ್ಕಳು. ಯಾಕೆ ನಕ್ಕಳು ಅಂತ ಆಮೇಲೆ ಹೇಳುತ್ತೇನೆ. ಅವಳೂ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಹೇಳದೆ ಬಿಟ್ಟರೆ ಮನೆಗೆ ಹೋದ ಮೇಲೆ ಕಷ್ಟ ಉಂಟು.

ನಮ್ಮದು ಲೆಕ್ಕದ ಸೀಮೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಶುರುವಾಯಿತು. ಅದೇ ವರ್ಷ ಇಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮತ್ತೆ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ವಿಜಯಾ. ಹಳೆಯ ದಕ್ಷಿಣ ಕನ್ನಡ ಜಿಲ್ಲೆ ಒಂದರಲ್ಲೇ ಇಷ್ಟು. ಬೇರೆ ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ನಮ್ಮವರಿಗೆ ದುಡ್ಡು ಜಾಸ್ತಿ ಇತ್ತು ಅಂತ ಅಲ್ಲ. ಲೆಕ್ಕ ಸರಿಯಾಗಿ ಇಡುತ್ತಿದ್ದರು.

ಪಿಗ್ಮಿ ಗೊತ್ತಲ್ವಾ? ಅದೂ ನಮ್ಮ ಊರಿನದ್ದೇ, 1928ರಲ್ಲಿ ಸಿಂಡಿಕೇಟಿನವರು ಶುರು ಮಾಡಿದ್ದು. ದಿನಕ್ಕೆ ಎರಡಾಣೆ. ಬ್ಯಾಂಕಿನವರೇ ನಿಮ್ಮ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಮೀನು ಮಾರುವವರು, ಬೀಡಿ ಕಟ್ಟುವವರು, ಗೂಡಂಗಡಿಯವರು, ಎಷ್ಟೋ ಮಂದಿ ಮಗಳ ಮದುವೆ ಮಾಡಿದ್ದು ಪಿಗ್ಮಿಯಿಂದ. ಈಗಲೂ ಸಂಜೆ ಹೊತ್ತು ಅಂಗಡಿ ಅಂಗಡಿಗೆ ಪಿಗ್ಮಿಯವರು ಬರುತ್ತಾರೆ. ಕೈಯಲ್ಲಿ ಸಣ್ಣ ಮೆಷಿನ್ ಬಂದಿದೆ, ಅಷ್ಟೆ.

ನನ್ನ ಭಕ್ತಿಯೂ ಬಹಳ ಕಾಲ ಪಿಗ್ಮಿಯ ಹಾಗೇ ಇತ್ತು. ಭಾನುವಾರ ಆರಾಧನೆಗೆ ಹೋದೆ, ಎರಡಾಣೆ. ರಾತ್ರಿ ಒಂದು ಅಧ್ಯಾಯ ಬೈಬಲ್ ಓದಿದೆ, ಎರಡಾಣೆ. ಕಾಯಿಲೆ ಬಿದ್ದವರನ್ನು ನೋಡಿ ಬಂದೆ, ಎರಡಾಣೆ. ಅವಧಿ ಮುಗಿದ ದಿನ ಬಡ್ಡಿ ಸಮೇತ ಸಿಗುತ್ತದೆ ಅಂತ. ನೋಡಲು ಇದು ಒಳ್ಳೆಯ ಭಕ್ತಿಯೇ. ಆದರೆ ಪಿಗ್ಮಿ ಕಟ್ಟುವವನಿಗೆ ಒಂದು ಅಭ್ಯಾಸ ಉಂಟು. ಪಕ್ಕದ ಅಂಗಡಿಯವನು ಎಷ್ಟು ಕಟ್ಟುತ್ತಾನೆ ಅಂತ ಓರೆಗಣ್ಣಿನಲ್ಲಿ ನೋಡುತ್ತಾನೆ.

ನಮ್ಮ ಸಭೆಯ ಸುಗ್ಗಿ ಹಬ್ಬಕ್ಕೆ ಬಂದವರಿಗೆ ಇದು ಗೊತ್ತಿರುತ್ತದೆ. ಮನೆಯಲ್ಲಿ ಬೆಳೆದದ್ದನ್ನು ದೇವರಿಗೆ ಅಂತ ತರುತ್ತಾರೆ. ತೆಂಗಿನಕಾಯಿ, ಬಾಳೆಗೊನೆ, ಊರಿನ ಕೋಳಿ, ಸುವರ್ಣಗೆಡ್ಡೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಒಂದು ವರ್ಷ ಒಂದು ಕುಂಬಳಕಾಯಿ ಬಂತು. ಪೇಟೆಯಲ್ಲಿ ಅದಕ್ಕೆ 150 ರೂಪಾಯಿ ಕೊಟ್ಟರೆ ಹೆಚ್ಚು. ನಾನು 500 ಅಂದೆ. ಇನ್ನೊಬ್ಬರು 700 ಅಂದರು. ನಾನು 1000 ಅಂದೆ. ಒಟ್ಟು 2,300 ರೂಪಾಯಿಗೆ ಆ ಕುಂಬಳಕಾಯಿ ನನ್ನ ಪಾಲಿಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ದೇವರ ಮಹಿಮೆಗೆ ಅಂತ ನಾನೂ ನಗುತ್ತಾ ಎತ್ತಿಕೊಂಡೆ. ಮನೆಯಲ್ಲಿ ಕೊಯ್ದು ನೋಡಿದರೆ ಒಳಗೆ ಅರ್ಧ ಕೊಳೆತಿತ್ತು. ಇದಕ್ಕೆ ಅರ್ಥ ಹಚ್ಚಲು ಹೋಗಬೇಡಿ, ಸುಮ್ನೆ ಹೇಳಿದೆ. ಆದರೆ ಆ 700 ಅಂದವರು ಯಾರು ಅಂತ ನನಗೆ ಇನ್ನೂ ನೆನಪುಂಟು. ಅದು ಯೋಚನೆ ಮಾಡಬೇಕಾದ ವಿಷಯ.

ಕೃಪೆ ಎಂಬ ಮಾತಿಗೆ ಬರೋಣ. ನಾವು ಪ್ರೊಟೆಸ್ಟೆಂಟರು ಕೃಪೆ ಅನ್ನುತ್ತೇವೆ. ಕನ್ನಡದಲ್ಲಿ ಜಪಸರ ಹೇಳುವ ಕಥೊಲಿಕರು ವರಪ್ರಸಾದ ಅನ್ನುತ್ತಾರೆ, ಕೊಂಕಣಿಯಲ್ಲಿ ಹೇಳುವವರು ಕುರ್ಪಾ ಅನ್ನುತ್ತಾರೆ. ನನಗೆ ಎಲ್ಲಕ್ಕಿಂತ ಹತ್ತಿರದ ಮಾತು ಬೇರೆ. ಅದು ಪುಕ್ಕಟೆ. ಗೌರವದ ಮಾತಲ್ಲ, ಗೊತ್ತು. ಪುಲ್ಪಿಟ್‌ನಲ್ಲಿ ನಿಂತು ಪುಕ್ಕಟೆ ಅಂದರೆ ಹಿರಿಯರು ಹುಬ್ಬು ಗಂಟು ಹಾಕುತ್ತಾರೆ. ಆದರೆ ಪೌಲನು ಎಫೆಸದವರಿಗೆ ಬರೆದದ್ದು ಹೆಚ್ಚು ಕಡಿಮೆ ಅದೇ. ನೀವು ದುಡಿದು ಗಳಿಸಿದ್ದಲ್ಲ, ದೇವರು ಸುಮ್ನೆ ಕೊಟ್ಟದ್ದು, ಹಾಗಾಗಿ ಯಾರೂ ಜಂಬ ಕೊಚ್ಚಿಕೊಳ್ಳುವ ಹಾಗಿಲ್ಲ ಅಂತ.

ಈ ಒಂದು ವಿಷಯಕ್ಕೆ ಯುರೋಪಿನಲ್ಲಿ ಚರ್ಚೇ ಒಡೆದು ಎರಡಾಯಿತು. ಲೂಥರ್ 1517ರಲ್ಲಿ ಶುರು ಮಾಡಿದ ಜಗಳ. ಕಥೊಲಿಕರೂ ಲೂಥರನ್ನರೂ ಕೂತು, ಮನುಷ್ಯ ದೇವರ ಮುಂದೆ ನೀತಿವಂತ ಆಗುವುದು ಕೃಪೆಯಿಂದ ಅನ್ನುವುದರಲ್ಲಿ ನಮ್ಮಿಬ್ಬರ ಮಾತೂ ಬುಡದಲ್ಲಿ ಒಂದೇ ಅಂತ ಒಟ್ಟಿಗೆ ಸಹಿ ಹಾಕಿದ್ದು 1999ರ ಅಕ್ಟೋಬರ್ 31ಕ್ಕೆ, ಜರ್ಮನಿಯ ಆಗ್ಸ್‌ಬರ್ಗಿನಲ್ಲಿ. 482 ವರ್ಷ! ಅದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನ ಆಯಿತು. ನನಗೂ ನನ್ನ ತಮ್ಮನಿಗೂ ಮಾತು ಬಿಟ್ಟು ಹೋದದ್ದು ಬರೀ ಒಂಬತ್ತು ವರ್ಷ.

ಪುಕ್ಕಟೆ ಸಿಕ್ಕಿದರೆ ಖುಷಿಯಾಗಬೇಕು, ಅಲ್ವಾ? ಆಗುವುದಿಲ್ಲ. ಲೆಕ್ಕದವರಿಗೆ ಕೃಪೆ ಅಂದರೆ ಒಳಗೊಳಗೇ ಸಿಟ್ಟು. ನಂಬದಿದ್ದರೆ ಮತ್ತಾಯನ 20ನೇ ಅಧ್ಯಾಯ ತೆಗೆದು ನೋಡಿ.

ಮಂಗಳೂರಿನ ಬ್ರಾಂಚಿಗೆ ಹೋಗುತ್ತಿದ್ದಾಗ ದಿನಾ ಒಂದು ಜಂಕ್ಷನ್‌ನಲ್ಲಿ ಬಸ್ಸು ಇಳಿಯುತ್ತಿದ್ದೆ. ಅಲ್ಲಿ ಉತ್ತರ ಕರ್ನಾಟಕದಿಂದ ಬಂದ ಕೂಲಿಯವರು ನಿಂತಿರುತ್ತಾರೆ. ಗಂಡಸರು, ಹೆಂಗಸರು, ಹೆಂಗಸರ ಕಂಕುಳಲ್ಲಿ ಮಕ್ಕಳು. ಕೈಯಲ್ಲಿ ಬುತ್ತಿಯ ಚೀಲ. ಪಿಕಪ್ ಬಂದು ನಿಂತ ಕೂಡಲೇ ಓಡುತ್ತಾರೆ. ಮೇಸ್ತ್ರಿ ಎದುರಿನ ಸೀಟಿನಿಂದಲೇ ಬೆರಳು ತೋರಿಸುತ್ತಾನೆ. ನೀನು, ನೀನು, ನೀನು. ಗಟ್ಟಿ ಇದ್ದವರು ಮೊದಲು ಹೋಗುತ್ತಾರೆ. ಒಂದು ದಿನ ಹನ್ನೊಂದು ಗಂಟೆಗೆ ಯಾವುದೋ ಸಹಿಗೆ ಅಂತ ಅದೇ ದಾರಿಯಲ್ಲಿ ವಾಪಸ್ ಬಂದೆ. ಇನ್ನೂ ಏಳೆಂಟು ಮಂದಿ ಅಲ್ಲೇ ಇದ್ದರು. ಮುದುಕರು, ಒಬ್ಬಳು ತುಂಬು ಬಸುರಿ, ಒಬ್ಬನಿಗೆ ಕಾಲು ಕುಂಟು. ಒಬ್ಬ ಅಜ್ಜ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ. ಮಧ್ಯಾಹ್ನದ ಊಟ ಹನ್ನೊಂದು ಗಂಟೆಗೆ. ಇನ್ನು ಯಾರೂ ಕರೆಯುವುದಿಲ್ಲ ಅಂತ ಅವನಿಗೆ ಗೊತ್ತಾಗಿತ್ತು.

ಯೇಸು ಹೇಳಿದ ಕಥೆಯಲ್ಲಿ ದ್ರಾಕ್ಷೇ ತೋಟದ ಯಜಮಾನ ಸಂಜೆ ಐದು ಗಂಟೆಗೆ ಹೋಗಿ ಇಂಥವರನ್ನು ಕೇಳುತ್ತಾನೆ, ಇಡೀ ದಿನ ಯಾಕೆ ಸುಮ್ನೆ ನಿಂತಿದ್ದೀರಿ ಅಂತ. ನಮ್ಮನ್ನು ಯಾರೂ ಕರೆಯಲಿಲ್ಲ ಅನ್ನುತ್ತಾರೆ. ಆರು ಗಂಟೆಗೆ ಕೂಲಿ ಬಟವಾಡೆ. ಕೊನೆಗೆ ಬಂದವರಿಗೂ ಇಡೀ ದಿನದ ಕೂಲಿ. ಬೆಳಿಗ್ಗೆಯಿಂದ ಬಿಸಿಲಿನಲ್ಲಿ ಬೆಂದವರಿಗೂ ಅಷ್ಟೇ. ಅವರು ಗಲಾಟೆ ಮಾಡಿದರು. ನಾನಾದರೂ ಮಾಡುತ್ತಿದ್ದೆ, ನೀವೂ ಮಾಡುತ್ತಿದ್ದಿರಿ. ಯೂನಿಯನ್ ಇದ್ದರೆ ಅದೂ ಬರುತ್ತಿತ್ತು.

ಮೂವತ್ತು ವರ್ಷ ಈ ಕಥೆಯನ್ನು ಬೆಳಿಗ್ಗೆ ಆರು ಗಂಟೆಗೆ ಬಂದವನ ಜಾಗದಲ್ಲಿ ನಿಂತೇ ಓದಿದ್ದೆ. ಅನ್ಯಾಯ ಅಂತ ಅನಿಸುತ್ತಿತ್ತು. ಆ ರೊಟ್ಟಿ ತಿನ್ನುವ ಅಜ್ಜನನ್ನು ನೋಡಿದ ಮೇಲೆ ಹಾಗೆ ಓದಲು ಆಗಲಿಲ್ಲ. ಅರ್ಧ ದಿನದ ಕೂಲಿ ಕೊಟ್ಟರೆ ಅವನ ಮನೆಯಲ್ಲಿ ಅರ್ಧ ಹಸಿವೆಯಾ?

ಘಟ್ಟದ ಮೇಲೆ ನಾಲ್ಕು ವರ್ಷ ಕೆಲಸ ಮಾಡಿದೆ. ಅಲ್ಲಿ ಮದುವೆಗೆ ಹೋದರೆ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದುಕೊಳ್ಳುವುದು. ನಾಳೆ ಅವರ ಮನೆಯ ಮದುವೆಗೆ ಅಷ್ಟೇ ಹಿಂದೆ ಹೋಗಬೇಕಲ್ಲ! ನಮ್ಮಲ್ಲಿ ಕವರ್ ಕೊಡುತ್ತಾರೆ. ನಾವು ನಾಜೂಕಿನವರು, ರಾತ್ರಿ ಬಾಗಿಲು ಹಾಕಿಕೊಂಡು ಬರೆದುಕೊಳ್ಳುತ್ತೇವೆ. ನನಗೆ ಆಶ್ಚರ್ಯ ಆದದ್ದು ಆ ಮಾತಿನ ಬಗ್ಗೆ. ಉಡುಗೊರೆಗೂ ಮುಯ್ಯಿ, ಸೇಡಿಗೂ ಮುಯ್ಯಿ. ಮದುವೆಯಲ್ಲಿ ಮುಯ್ಯಿ ಮಾಡುತ್ತೇವೆ, ಜಗಳದಲ್ಲಿ ಮುಯ್ಯಿ ತೀರಿಸಿಕೊಳ್ಳುತ್ತೇವೆ. ಕೊಟ್ಟದ್ದಾದರೂ ಹೊಡೆದದ್ದಾದರೂ ಅಷ್ಟಕ್ಕೆ ಅಷ್ಟು ಹಿಂದೆ ಹೋಗಬೇಕು. ನಮ್ಮ ಕನ್ನಡ ಬೈಬಲಿನಲ್ಲಿ, ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ, ನೀವು ಮುಯ್ಯಿ ತೀರಿಸಲು ಹೋಗಬೇಡಿ ಅಂತ ಬರುವಲ್ಲಿ ಇರುವುದು ಇದೇ ಮಾತು. ಸೇಡು ಬಿಡಿ ಅಂತ ಮಾತ್ರ ಓದಿಕೊಂಡಿದ್ದೆ. ಮದುವೆಯ ನೋಟ್‌ಬುಕ್ಕೂ ಅದರಲ್ಲಿ ಸೇರುತ್ತದೆ ಅಂತ ಹೊಳೆದಿರಲಿಲ್ಲ.

ಈಗ ನನ್ನ ಕಸುಬಿಗೆ ಬರುತ್ತೇನೆ, ಸಾಲಕ್ಕೆ. ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಅಂತ ಕರ್ತನ ಪ್ರಾರ್ಥನೆಯಲ್ಲಿ ಹೇಳುತ್ತೇವೆ. ಮತ್ತಾಯನ ಗ್ರೀಕಿನಲ್ಲಿ ಅಲ್ಲಿರುವ ಮಾತಿನ ನೇರ ಅರ್ಥ ಸಾಲ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಪಾಪಕ್ಕೂ ಸಾಲಕ್ಕೂ ಒಂದೇ ಶಬ್ದ. ಯೇಸುವಿನ ಶಿಷ್ಯ ಪೇತ್ರನಿಗೂ ಲೆಕ್ಕದ ಚಾಳಿ ಇತ್ತು ಕಾಣುತ್ತದೆ. ನನ್ನ ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕಾ ಅಂತ ಕೇಳಿದ. ಏಳೆಪ್ಪತ್ತು ಸಲ ಅಂತ ಉತ್ತರ ಬಂತು. 490 ಆಯಿತು, 491ನೆಯದಕ್ಕೆ ನೋಡಿಕೊಳ್ಳುತ್ತೇನೆ ಅನ್ನುವ ಜಾತಿ ನಮ್ಮದು.

ಆಮೇಲೆ ಯೇಸು ಅವನಿಗೆ ಹೇಳಿದ ಕಥೆ. ಒಬ್ಬ ಆಳು ರಾಜನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿತ್ತು. ರಾಜ ಮನ್ನಾ ಮಾಡಿದ. ಹೊರಗೆ ಬಂದ ಕೂಡಲೇ ಅವನು ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದ. ಇದರ ಲೆಕ್ಕವನ್ನು ಒಂದು ದಿನ ಕ್ಯಾಲ್ಕುಲೇಟರ್ ಹಿಡಿದು ಮಾಡಿದೆ. ಒಂದು ದಿನಾರಿ ಅಂದರೆ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ನಮ್ಮ ಲೆಕ್ಕಕ್ಕೆ ದಿನಗೂಲಿ 800 ರೂಪಾಯಿ ಅಂತ ಇಟ್ಟುಕೊಳ್ಳಿ. ಆಗ ಅವನಿಗೆ ಬರಬೇಕಾದದ್ದು 80,000 ರೂಪಾಯಿ. ಅವನಿಗೆ ಮನ್ನಾ ಆದದ್ದು 4,800 ಕೋಟಿ.

ಪ್ರಸಂಗಗಳಲ್ಲಿ ಆ ನೂರು ದಿನಾರಿಯನ್ನು ಚಿಲ್ಲರೆ ದುಡ್ಡು ಅನ್ನುವವರು ಉಂಟು. ಅದು ನನಗೆ ಒಪ್ಪಿಗೆ ಇಲ್ಲ. 80,000 ರೂಪಾಯಿ ಚಿಲ್ಲರೆ ಅಲ್ಲ. ಮೂರು ನಾಲ್ಕು ತಿಂಗಳ ದುಡಿತ. ನಮಗೆ ಬೇರೆಯವರು ಮಾಡಿದ ಅನ್ಯಾಯ ನಿಜವಾದದ್ದೇ, ನೋವು ನಿಜವಾದದ್ದೇ. ಯೇಸು ಅದನ್ನು ಸೊನ್ನೆ ಅಂತ ತೋರಿಸಲಿಲ್ಲ. ಎಷ್ಟೋ ಅಷ್ಟನ್ನೇ ಬರೆದು, ಪಕ್ಕದಲ್ಲಿ ಇನ್ನೊಂದು ಮೊತ್ತ ಬರೆದ.

ಬ್ಯಾಂಕಿನಲ್ಲಿ ರೈಟ್ ಆಫ್ ಅಂತ ಒಂದು ಉಂಟು. ಪೇಪರಿನಲ್ಲಿ ಇಷ್ಟು ಸಾವಿರ ಕೋಟಿ ರೈಟ್ ಆಫ್ ಅಂತ ಬಂದಾಗ ಜನ ಮನ್ನಾ ಆಯಿತು ಅಂದುಕೊಳ್ಳುತ್ತಾರೆ. ಅಲ್ಲ. ರೈಟ್ ಆಫ್ ಅಂದರೆ ಬ್ಯಾಂಕಿನ ಲೆಕ್ಕಪತ್ರದಿಂದ ಆ ಸಾಲವನ್ನು ತೆಗೆದಿಡುವುದು, ಪುಸ್ತಕ ಚೊಕ್ಕ ಕಾಣಲಿ ಅಂತ. ಸಾಲಗಾರನ ತಲೆಯ ಮೇಲೆ ಸಾಲ ಹಾಗೇ ಇರುತ್ತದೆ. ನೋಟೀಸು ಹೋಗುತ್ತಾ ಇರುತ್ತದೆ, ಕೇಸು ನಡೆಯುತ್ತಾ ಇರುತ್ತದೆ. ಮನ್ನಾ ಅಂದರೆ ಬೇರೆ. ಅಲ್ಲಿ ಫೈಲೇ ಮುಚ್ಚುತ್ತದೆ. ಆ ನಷ್ಟವನ್ನು ಕೊಟ್ಟವನೇ ನುಂಗಬೇಕು.

ನಾವು ಮಾಡುವ ಕ್ಷಮೆ ಹೆಚ್ಚಾಗಿ ರೈಟ್ ಆಫ್. “ನಾನು ಯಾವತ್ತೋ ಮರೆತುಬಿಟ್ಟಿದ್ದೇನೆ” ಅನ್ನುತ್ತೇವೆ. ಪುಸ್ತಕ ಚೊಕ್ಕ. ಫೈಲು ಒಳಗಿನ ಕಪಾಟಿನಲ್ಲಿ ಉಂಟು, ತಾರೀಕು ಸಮೇತ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೇರೆಯವರ ಖಾತೆಯ ಸಾಲವನ್ನು ಮನ್ನಾ ಮಾಡುವ ಅಧಿಕಾರ ಯಾವ ಮ್ಯಾನೇಜರಿಗೂ ಇಲ್ಲ. ಕುಡಿದು ಬಂದು ಹೊಡೆಯುವ ಗಂಡನ ಮನೆಗೆ ಹುಡುಗಿಯನ್ನು ವಾಪಸ್ ಕಳಿಸಿ, ಕ್ಷಮಿಸಮ್ಮಾ, ನೀನು ಕ್ರೈಸ್ತಳಲ್ವಾ ಅಂತ ನಾವು ಹೇಳಿದ್ದೇವೆ. ನಮ್ಮ ಸಭೆಗಳಲ್ಲೇ ಹೇಳಿದ್ದೇವೆ. ಏಟು ತಿಂದವಳು ಅವಳು, ಮನ್ನಾ ಮಾಡುವವರು ನಾವು. ಅದನ್ನು ಕೃಪೆ ಅಂತ ಕರೆಯಲು ನನಗೆ ನಾಲಿಗೆ ಬರುವುದಿಲ್ಲ. ಅವಳಿಗೆ ಮೊದಲು ಬೇಕಾದದ್ದು ಚಿಲಕ ಇರುವ ಒಂದು ಕೋಣೆ, ಪೊಲೀಸು, ಕೈಯಲ್ಲಿ ಸ್ವಲ್ಪ ದುಡ್ಡು.

ನಮ್ಮ ಹಿರಿಯರಿಗೆ ಇದು ಸ್ವಲ್ಪ ಗೊತ್ತಿತ್ತು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಇಳಿದರು. ಅವರ ಮಾತು ಕೇಳಿ ಕ್ರೈಸ್ತರಾದವರಿಗೆ ಮನೆ ಹೋಯಿತು, ಗೇಣಿಯ ಗದ್ದೆ ಹೋಯಿತು, ಕುಲಕಸುಬು ಹೋಯಿತು. ದೇವರ ಕೃಪೆ ಸಾಕು ಅಂತ ಹೇಳಿ ಕಳಿಸಿದ್ದರೆ ಅವರು ಹಸಿವೆಯಿಂದ ಸಾಯುತ್ತಿದ್ದರು. ಹಾಗಾಗಿ ಅಚ್ಚುಕೂಟ ಬಂತು, ಮಗ್ಗ ಬಂತು, 1865ರಲ್ಲಿ ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ಬಂತು. ಮಲ್ಪೆಯಲ್ಲೂ ಒಂದು ಇತ್ತು. 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರಮ್ಮ ಈವಾ ಲೊಂಬಾರ್ಡ್ ಇದೇ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಈಗಲೂ ನಾವು ಅದನ್ನು ಮಿಶನ್ ಆಸ್ಪತ್ರೆ ಅಂತಲೇ ಕರೆಯುವುದು. ಇಲ್ಲಿ ಕೂತವರಲ್ಲಿ ಎಷ್ಟು ಮಂದಿ ಅಲ್ಲಿ ಹುಟ್ಟಿದವರು, ಕೈ ಎತ್ತಿ ನೋಡೋಣ. ನೋಡಿ, ಭಟ್ರು ಕೂಡ ಎತ್ತಿದರು.

ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬಾಸೆಲಿನವರು ಒಳ್ಳೆಯವರು, ಆದರೆ ಗಂಟೆ ಹೊಡೆದು ಐದು ನಿಮಿಷ ತಡವಾದರೆ ಸಂಬಳ ಕಡಿಯುತ್ತಿದ್ದರು ಅಂತ ಹೇಳುತ್ತಿದ್ದರು. ಭಾನುವಾರ ಪುಕ್ಕಟೆ ಕೃಪೆ, ಸೋಮವಾರ ಗಂಟೆ. ನಮ್ಮ ಮನೆಯ ರಕ್ತದಲ್ಲಿ ಎರಡೂ ಉಂಟು. ಸೋಮವಾರದ್ದು ಸ್ವಲ್ಪ ಜಾಸ್ತಿ.

ಈಗ ಹೆಂಡತಿ ಯಾಕೆ ನಕ್ಕಳು ಅಂತ ಹೇಳುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ನನಗೂ ತಮ್ಮನಿಗೂ ಪಾಲಾಯಿತು. ಮಲ್ಪೆಗೆ ಹೋಗುವ ದಾರಿಯಲ್ಲಿ 38 ಸೆಂಟ್ಸ್ ಜಾಗ. ಹಳೆಯ ಮನೆ, ಬಾವಿ ನನ್ನ ಪಾಲಿಗೆ ಬಂತು. ತಮ್ಮನಿಗೆ ಆಚೆ ಬದಿಯ ಖಾಲಿ ಜಾಗ, ಎರಡು ಸೆಂಟ್ಸ್ ಜಾಸ್ತಿ. ಬಾವಿಗೆ ಎರಡು ಸೆಂಟ್ಸ್ ಸಮ ಆಗುತ್ತದಾ ಅಂತ ಅವನು ಕೇಳಿದ. ಕಾಗದಕ್ಕೆ ಸಹಿ ಹಾಕಿದ ಮೇಲೆ ಕೇಳಬಾರದು ಅಂತ ನಾನು ಅಂದೆ. ಒಂದಕ್ಕೊಂದು ಮಾತು ಬೆಳೆಯಿತು. ಅಮ್ಮನ ಎದುರಿಗೇ ಅವನು ಒಂದು ಮಾತು ಅಂದ, ನಾನು ಎರಡು ಅಂದೆ. ಅಲ್ಲಿಗೆ ಮುಗಿಯಿತು. ನಡುವೆ ಬೇಲಿ ಬಂತು.

ಅವನು ಮನೆ ಕಟ್ಟಿ ಬೋರ್‌ವೆಲ್ ಹಾಕಿಸಿದ. ಮೂರು ವರ್ಷ ಒಳ್ಳೆಯ ನೀರು ಬಂತು. ಆಮೇಲೆ ಉಪ್ಪು. ಸಮುದ್ರದ ಬದಿಯವರಿಗೆ ಇದು ಹೊಸತಲ್ಲ. ಸ್ನಾನಕ್ಕೆ, ಬಟ್ಟೆ ಒಗೆಯಲು ಆಗುತ್ತದೆ. ಅನ್ನ ಬೇಯಿಸಲು, ಚಹಾಕ್ಕೆ ಆಗುವುದಿಲ್ಲ. ನಳ್ಳಿ ನೀರು ಬೇಸಿಗೆಯಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನನ್ನ ಬಾವಿ ಎಪ್ರಿಲ್‌ನಲ್ಲೂ ಸಿಹಿ. ಕೆಲಸದ ಮೇಸ್ತ್ರಿಯ ಬಾಯಿಂದ ನನಗೆ ವಿಷಯ ಗೊತ್ತಾಯಿತು. “ಅವನು ಬಂದು ಕೇಳಲಿ, ನಾನೇನು ಬೇಡ ಅಂತೇನಾ?” ಅಂದೆ.

ಆ ಮಾತನ್ನು ನಾನು ಎಷ್ಟೋ ಜನರ ಹತ್ತಿರ ಹೇಳಿದ್ದೇನೆ, ದೊಡ್ಡ ಮನಸ್ಸಿನವನ ಹಾಗೆ. ನಿಜವಾಗಿ ನಾನು ಕಾಯುತ್ತಿದ್ದದ್ದು ಏನಕ್ಕೆ? ಅವನು ಬೇಲಿಯ ಹತ್ತಿರ ಬಂದು, ಅಣ್ಣಾ, ನೀರು ಅಂತ ತಲೆ ತಗ್ಗಿಸಿ ನಿಲ್ಲಬೇಕು, ಅದಕ್ಕೆ. ಅವನೂ ನನ್ನ ಅಪ್ಪನ ಮಗನೇ. ಉಪ್ಪು ಚಹಾ ಕುಡಿದಾನು, ಕೇಳಲಿಕ್ಕಿಲ್ಲ.

ತಿಂಗಳಿಗೊಮ್ಮೆ ಕರ್ತನ ಭೋಜನಕ್ಕೆ ಇಬ್ಬರೂ ಮುಂದೆ ಹೋಗುತ್ತಿದ್ದೆವು. ನಮ್ಮಲ್ಲಿ ಕಟಕಟೆಯ ಎದುರು ಸಾಲಾಗಿ ಮೊಣಕಾಲೂರುತ್ತಾರೆ. ನಾನು, ನನ್ನ ಪಕ್ಕ ಯಾರೋ ಒಬ್ಬರು, ಅವರ ಪಕ್ಕ ಅವನು. ನಡುವೆ ಒಬ್ಬರು ಇರುವ ಹಾಗೆ ಇಬ್ಬರೂ ನೋಡಿಕೊಳ್ಳುತ್ತಿದ್ದೆವು. ಒಂಬತ್ತು ವರ್ಷ. ಆ ನಡುವಿನ ಜಾಗಕ್ಕೆ ಸಿಕ್ಕಿಬಿದ್ದವರು ಯಾರ್ಯಾರೋ. ಅವರಿಗೆ ಏನೂ ಗೊತ್ತಿಲ್ಲ, ಪಾಪ.

ರಿಟೈರ್ ಆದ ಮೇಲೆ ಬೆಳಿಗ್ಗೆ ಆರಕ್ಕೆ ಮಲ್ಪೆ ಬೀಚಿಗೆ ವಾಕಿಂಗ್ ಹೋಗುವುದು ಅಭ್ಯಾಸ. ಒಂದು ದಿನ ಮೊಣಕಾಲು ಊದಿಕೊಂಡು ಮನೆಯಲ್ಲೇ ಉಳಿದೆ. ಹಿಂದಿನ ಜಗಲಿಯಲ್ಲಿ ಕೂತಿದ್ದೆ. ಹೆಂಡತಿ ಬಾವಿಯಿಂದ ಎರಡು ಕೊಡಪಾನ ತುಂಬಿಸಿದಳು. ಒಂದು ಕಂಕುಳಲ್ಲಿ, ಒಂದು ಕೈಯಲ್ಲಿ. ಮನೆ ಕಡೆ ಬರಲಿಲ್ಲ, ಬೇಲಿ ಕಡೆ ಹೋದಳು. ದಾಸವಾಳದ ಗಿಡದ ಹಿಂದೆ ಬೇಲಿಯಲ್ಲಿ ಒಂದು ಸಂದಿ ಉಂಟು ಅಂತ ನನಗೆ ಅವತ್ತೇ ಗೊತ್ತಾದದ್ದು. ಅಲ್ಲಿ ಇಟ್ಟಳು. ಖಾಲಿ ಕೊಡಪಾನ ಎರಡು ಮೊದಲೇ ಇದ್ದವು, ಅವನ್ನು ಎತ್ತಿಕೊಂಡು ಬಂದಳು. ಸ್ವಲ್ಪ ಹೊತ್ತಿಗೆ ಆಚೆಯಿಂದ ಬಳೆ ಇರುವ ಒಂದು ಕೈ ಬಂತು. ಮೊದಲು ಒಂದು ಕೊಡಪಾನ, ಆಮೇಲೆ ಇನ್ನೊಂದು. ಮಾತು ಇಲ್ಲ, ಏನೂ ಇಲ್ಲ. ಆ ಜಾಗದಲ್ಲಿ ಹುಲ್ಲು ಸವೆದು, ನೆಲದಲ್ಲಿ ಎರಡು ಗುಂಡು ಗುಳಿ ಬಿದ್ದಿತ್ತು, ಕೊಡಪಾನದ ಬುಡದ ಅಳತೆಗೆ.

ಎಷ್ಟು ಸಮಯದಿಂದ ಅಂತ ಕೇಳಿದೆ. ಆರು ವರ್ಷ ಅಂದಳು.

ನನಗೆ ಬಂದದ್ದು ಸಿಟ್ಟು. ಪಶ್ಚಾತ್ತಾಪ ಬಂತು ಅಂದರೆ ಸುಳ್ಳಾಗುತ್ತದೆ. ಆರು ವರ್ಷ ನನ್ನ ಬೆನ್ನ ಹಿಂದೆ! ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆ ಆಗುತ್ತದೆ. ಪೇಪರಿನ ಬದಿಯಲ್ಲಿ ಲೆಕ್ಕ ಹಾಕಿದೆ. ಒಂದು ಕೊಡಪಾನಕ್ಕೆ 12 ಲೀಟರ್, ದಿನಕ್ಕೆ 24, ಆರು ವರ್ಷಕ್ಕೆ 52,560 ಲೀಟರ್. ಅವಳಿಗೆ ತೋರಿಸಿದೆ. ಅವಳು ನೋಡಿದಳು. “ಕೊಡಪಾನ ಇಟ್ಟದ್ದು, ಅಷ್ಟೆ. ಅದರಲ್ಲಿ ಎಂತ ಉಂಟು?” ಅಂತ ಹೇಳಿ ಮೀನು ಬಂತಾ ನೋಡಲು ಗೇಟಿನ ಕಡೆ ಹೋದಳು.

ಅವಳು ಬೈಬಲ್ ತೆಗೆದು ವಾಕ್ಯ ತೋರಿಸಿದ್ದರೆ ನಾನು ಇನ್ನೊಂದು ವಾಕ್ಯ ತೋರಿಸುತ್ತಿದ್ದೆ. ಮನೆಯಲ್ಲಿ ದೇವರ ವಿಷಯ ಜಾಸ್ತಿ ಮಾತಾಡುವವನು ನಾನು. ಅವಳು ಮಾತಾಡುವುದು ಕಡಿಮೆ.

ಮೂರು ದಿನ ಆದ ಮೇಲೆ, ಕಾಲು ಸ್ವಲ್ಪ ಸರಿಯಾದಾಗ, ಕೊಡಪಾನವನ್ನು ನಾನೇ ಹೊತ್ತುಕೊಂಡು ಹೋದೆ. ಅರ್ಧ ನೀರು ಪಂಚೆಯ ಮೇಲೆ ಚೆಲ್ಲಿತು. ಬಗ್ಗಿ ಇಡುವಾಗ ಆಚೆಯಿಂದ ತಮ್ಮನ ಹೆಂಡತಿ ಬಂದಳು. ನನ್ನನ್ನು ನೋಡಿ ಅಲ್ಲೇ ನಿಂತಳು. “ಭಾವ” ಅಂದಳು. ನಾನು ಹ್ಞೂಂ ಅಂದೆ. ಅವಳು ಕೊಡಪಾನ ತೆಗೆದುಕೊಂಡು ಹೋದಳು.

ಸಂಜೆ ತಮ್ಮ ಬೇಲಿಯ ಹತ್ತಿರ ಬಂದ. ಇಷ್ಟು ವರ್ಷ ಕುಡಿದದ್ದು ಹಿಡಿದಿಟ್ಟ ನಳ್ಳಿ ನೀರು ಅಂತಲೇ ಅವನೂ ಅಂದುಕೊಂಡಿದ್ದನಂತೆ. ಮುಖ ಕೆಂಪಾಗಿತ್ತು. ಅಣ್ಣ ಅಂತ ಕರೆಯಲಿಲ್ಲ. “ಲೆಕ್ಕ ಎಷ್ಟಾಯಿತು?” ಅಂತ ಕೇಳಿದ.

52,560 ನನ್ನ ನಾಲಿಗೆಯ ತುದಿಯಲ್ಲೇ ಇತ್ತು. “ಲೆಕ್ಕ ಇಟ್ಟಿಲ್ಲ” ಅಂದೆ. ಸುಳ್ಳು. ಸಭಾಪಾಲಕರು ಇಲ್ಲೇ ಇದ್ದಾರೆ, ಇದರ ಬಗ್ಗೆ ಆಮೇಲೆ ಮಾತಾಡುತ್ತೇನೆ.

ಆ ವಾರವೇ ತಬ್ಬಿಕೊಂಡು ಅತ್ತೆವು ಅಂತ ಹೇಳಿದರೆ ನಿಮಗೆ ಚೆಂದ ಕಾಣಬಹುದು. ಹಾಗೇನೂ ಆಗಲಿಲ್ಲ. ನಾನು ಪೈಪ್ ಹಾಕಿಸಿದೆ. ಪಂಪಿನ ಕರೆಂಟಿಗೆ ಅಂತ ಅವನು ತಿಂಗಳಿಗೆ 200 ರೂಪಾಯಿ ಕವರ್‌ನಲ್ಲಿ ಹಾಕಿ ಕಳಿಸಿದ. ಬೇಡ ಅಂತ ವಾಪಸ್ ಕಳಿಸಿದೆ. ಅವನು ಪೈಪಿನ ಬಾಯಿ ಮುಚ್ಚಿ ಟ್ಯಾಂಕರ್ ತರಿಸಿದ. ನಾಲ್ಕು ದಿನ ಹಾಗೇ ಹೋಯಿತು. ಪುಕ್ಕಟೆ ತೆಗೆದುಕೊಳ್ಳುವುದು ಕೊಡುವುದಕ್ಕಿಂತ ಕಷ್ಟ ಅಂತ ನಾನು ಅವನ ಬಗ್ಗೆ ಹೆಂಡತಿಗೆ ವಿವರಿಸುತ್ತಿದ್ದೆ. “ಅವರ ಕವರ್ ತೆಗೆದುಕೊಳ್ಳಲು ನಿಮಗೆ ಕಷ್ಟ ಆಗುತ್ತಾ ಉಂಟಲ್ಲ, ಅದು ಎಂತದ್ದು?” ಅಂತ ಕೇಳಿದಳು.

ತೆಗೆದುಕೊಂಡೆ. ಈಗ ಪ್ರತಿ ತಿಂಗಳು ಒಂದನೇ ತಾರೀಕು ಕವರ್ ಬರುತ್ತದೆ. ಅದರ ಮೇಲೆ ಅವನ ಕೈಬರಹದಲ್ಲಿ ‘ಅಣ್ಣ’ ಅಂತ ಇರುತ್ತದೆ. ಬಾಯಲ್ಲಿ ಇನ್ನೂ ಸರಿಯಾಗಿ ಬರುವುದಿಲ್ಲ, ಬರೆಯಲು ತೊಂದರೆ ಇಲ್ಲ ಅಂತ ಕಾಣುತ್ತದೆ. ಕಟಕಟೆಯ ಹತ್ತಿರ ಕೆಲವು ಸಲ ನಡುವೆ ಯಾರೂ ಇರುವುದಿಲ್ಲ, ಕೆಲವು ಸಲ ಇರುತ್ತಾರೆ. ಪೈಪ್ ಬಂದರೂ ಹೆಂಗಸರಿಬ್ಬರೂ ಆ ಸಂದಿಯನ್ನು ಮುಚ್ಚಲು ಬಿಟ್ಟಿಲ್ಲ. ಈಗ ಅಲ್ಲಿಂದ ಕೊಡಪಾನದ ಬದಲು ಮೀನು ಸಾರು, ಪತ್ರೊಡೆ, ಕ್ರಿಸ್ಮಸ್‌ಗೆ ಕುಸ್ವಾರ್ ಅನ್ನುವ ಹಬ್ಬದ ತಿಂಡಿಗಳ ತಟ್ಟೆ ಆಚೆ ಈಚೆ ಹೋಗುತ್ತದೆ.

ಆ ಕವರುಗಳನ್ನು ನಾನು ಒಡೆಯುವುದಿಲ್ಲ. ಒಂದು ಬಿಸ್ಕತ್ ಡಬ್ಬಿಯಲ್ಲಿ ಹಾಕಿ ಇಡುತ್ತೇನೆ. ಎಷ್ಟಾಗಿದೆ ಅಂತ ಎಣಿಸಲು ಹೋಗಿಲ್ಲ.

(ಇಲ್ಲಿ ಹಿಂದಿನ ಸಾಲಿನಿಂದ ನನ್ನ ಹೆಂಡತಿಯ ಧ್ವನಿ ಕೇಳಿತು: “ಮೂವತ್ತೊಂದು. ಮೊನ್ನೆ ರಾತ್ರಿ ಎಣಿಸುತ್ತಿದ್ದರು.”)